ಉಂಡು ಹೋದ ಕಂಪನಿ

ತಂಗಿಯ ತೋಳು ಬೆಂದು ಮೆಡಿಕಲ್ ಕಾಲೇಜಿನ ಮಂಚದ ಮೇಲೆ ಬಿದ್ದಿದ್ದ ದಿನ, ಫೇಸ್‌ಬುಕ್ಕಿನಲ್ಲಿ ದೂರು ಬರೆದ ಸೌದಾಬಿಗೆ ಕುಕ್ಕರ್ ಕಂಪನಿಯಿಂದ ಬಂದ ಮೊದಲ ಮಾತು ಇದು:

“ನಮಸ್ಕಾರ ಸೌದಾಬಿ! ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ದಯವಿಟ್ಟು ತಮ್ಮ ಬಿಲ್ ನಂಬರನ್ನು ಮೆಸೇಜ್ ಮಾಡಿ. ನಿಮ್ಮ ನಗುವೇ ನಮ್ಮ ಗುರಿ.” ಕೊನೆಗೆ ಮುಗಿದ ಕೈಗಳ ಒಂದು ಚಿತ್ರ, ಅದರ ಪಕ್ಕ ಹಳದಿ ಬಣ್ಣದ ನಗುಮುಖ.

ಅನಾನುಕೂಲ! ಬಸ್ಸು ತಡವಾದರೆ ಅನಾನುಕೂಲ ಎನ್ನಬಹುದು. ನೆಂಟರ ಮನೆಯಲ್ಲಿ ಫ್ಯಾನಿಲ್ಲದೆ ನಿದ್ದೆ ಬಾರದಿದ್ದರೆ ಅನಾನುಕೂಲ ಎನ್ನಬಹುದು. ಒಲೆಯ ಮೇಲಿದ್ದ ಕುಕ್ಕರಿನ ಮುಚ್ಚಳ ಸೂರಿಗೆ ಹಾರಿ, ಕುದಿಯುತ್ತಿದ್ದ ಅಲೀಸದ ಗಂಜಿ ಹೆಣ್ಣುಮಗಳೊಬ್ಬಳ ಮಣಿಕಟ್ಟಿನಿಂದ ಭುಜದವರೆಗೆ ಅಂಟಿಕೊಂಡು, ತೊಳೆಯಹೋದರೆ ಚರ್ಮವನ್ನೂ ಎಳೆದುಕೊಂಡು ಬಂದದ್ದಕ್ಕೆ ಅನಾನುಕೂಲ ಎಂದು ಹೆಸರಿಡುವುದಕ್ಕೆ ಎಂಥ ಎದೆ ಬೇಕು? ಸೌದಾಬಿ ಆಸ್ಪತ್ರೆಯ ವರಾಂಡದಲ್ಲಿ ನಿಂತು ಆ ಸಾಲುಗಳನ್ನು ಮತ್ತೆ ಮತ್ತೆ ಓದಿದಳು. ಬೈಯಬೇಕೆಂದರೆ ಯಾರನ್ನು ಬೈಯುವುದು? ಹೆಸರಿಲ್ಲ, ಮುಖವಿಲ್ಲ, ಬರೀ ನಗುಮುಖ.

ಗೃಹತಾರ ಕಂಪನಿಯ ಫೇಸ್‌ಬುಕ್ ಪುಟವನ್ನು ಕೆಳಕೆಳಗೆ ಸರಿಸಿ ನೋಡಿದಳು. ಹಿಡಿ ಮುರಿದ ತೃಶೂರಿನವನಿಗೂ ಇದೇ ವಿಷಾದ, ತಳ ಸೀದ ಕೊಲ್ಲಂನವಳಿಗೂ ಇದೇ ಕೈಮುಗಿತ. ಯಾರೋ ಪುಣ್ಯಾತ್ಮ “ನಮ್ಮ ಅಮ್ಮ ಮೊದಲಿನಿಂದಲೂ ನಿಮ್ಮ ಕುಕ್ಕರನ್ನೇ ಬಳಸುವುದು, ತುಂಬ ಚೆನ್ನಾಗಿದೆ” ಎಂದು ಹೊಗಳಿ ಬರೆದಿದ್ದ. ಅವನಿಗೂ ತಮಗಾದ ಅನಾನುಕೂಲಕ್ಕೆ ವಿಷಾದಿಸಿ ಬಿಲ್ ನಂಬರ್ ಕೇಳಿಬಿಟ್ಟಿದ್ದರು. ಬೇರೆ ದಿನವಾಗಿದ್ದರೆ ಸೌದಾಬಿ ಹೊಟ್ಟೆ ಹಿಡಿದು ನಗುತ್ತಿದ್ದಳು.

ಕೋಝಿಕ್ಕೋಡಿನ ಕುಟ್ಟಿಚ್ಚಿರ ಕೆರೆಯ ಹಿಂದಿನ ಓಣಿಯಲ್ಲಿ ಸೌದಾಬಿಯ ಅಡುಗೆಗೆ ಹೆಸರಿತ್ತು. ಮನೆಯಲ್ಲೇ ಅಕ್ಕಿರೊಟ್ಟಿಯಂಥ ಪತ್ತಿರಿ, ಬಾಳೆಹಣ್ಣಿನ ಉನ್ನಕ್ಕಾಯ, ಮಾಂಸ ಗೋಧಿ ಹಾಕಿ ಗಂಜಿಯ ಹಾಗೆ ಕಡೆಯುವ ಅಲೀಸ, ಎಲ್ಲ ಮಾಡಿ ಮಾರುತ್ತಿದ್ದಳು. ಅವಳು ಯಾವ ಅಕ್ಕಿ ತಂದರೆ ಓಣಿಯೂ ಅದೇ ಅಕ್ಕಿ ತರುತ್ತಿತ್ತು. ಈ ಕುಕ್ಕರಿನ ಕಥೆಯೂ ಅದೇ. ಬೀಚಿನ ಹತ್ತಿರದ ವಸ್ತುಪ್ರದರ್ಶನದಲ್ಲಿ ಅವಳು ದೊಡ್ಡ ಗೃಹತಾರ ಕುಕ್ಕರ್ ಕೊಂಡಳು, ಮುಂದಿನ ಶುಕ್ರವಾರದ ಜುಮಾದ ಹೊತ್ತಿಗೆ ಓಣಿಯ ಅರ್ಧಕ್ಕರ್ಧ ಮನೆಗಳಲ್ಲಿ ಅದೇ ಕುಕ್ಕರ್ ಅದೇ ರಾಗದಲ್ಲಿ ಕೂಗುತ್ತಿತ್ತು. ಈಗ ಅವಳ ಎದೆಯ ಮೇಲೆ ಕಲ್ಲು ಹೇರಿದ್ದು ಇದೇ. ಸೀಟಿಯ ಕೊಳವೆಗೆ ಏನಾದರೂ ಸಿಕ್ಕಿಕೊಂಡು ಆವಿ ಕಟ್ಟಿಕೊಂಡರೆ ಜೀವ ಉಳಿಸಲೆಂದು ಮುಚ್ಚಳದಲ್ಲಿ ಒಂದು ಸೇಫ್ಟಿ ವಾಲ್ವ್ ಇರುತ್ತದೆ. ಬಿಸಿ ಮಿತಿಮೀರಿದರೆ ಅದು ಕರಗಿ ಆವಿಗೆ ದಾರಿ ಬಿಡಬೇಕು. ಅಂದು ಅದು ಕರಗಲಿಲ್ಲ. ಗುಂಡುಕಲ್ಲಿನ ಹಾಗೆ ಕೂತೇ ಇತ್ತು. ಮುಚ್ಚಳ ಸೊಟ್ಟಗಾಗಿ ಬಿದ್ದ ಮೇಲೂ ಆ ವಾಲ್ವ್ ಮಾತ್ರ ಹೊಸದರ ಹಾಗೆ ಹೊಳೆಯುತ್ತಿತ್ತು. ಓಣಿಯ ಉಳಿದ ಮುಚ್ಚಳಗಳಲ್ಲೂ ಕೂತಿರುವುದು ಅದೇ. ರಂಜಾನ್ ಬೇರೆ ಬಾಗಿಲಲ್ಲಿತ್ತು. ಉಪವಾಸದ ತಿಂಗಳಲ್ಲಿ ಆ ಓಣಿಯ ಕುಕ್ಕರುಗಳಿಗೆ ಬಿಡುವೆಂಬುದಿಲ್ಲ.

ಅವಳು ಬಿಲ್ ನಂಬರ್ ಕಳಿಸಲಿಲ್ಲ. ಸೊಟ್ಟ ಮುಚ್ಚಳದ ಫೋಟೋ, ಕರಗದ ವಾಲ್ವಿನ ಫೋಟೋ ಹಾಕಿ ತನ್ನ ಪುಟದಲ್ಲಿ ಬರೆದಳು: “ನನ್ನ ತಂಗಿ ಶಹರ್ಬಾನ್ ಆಸ್ಪತ್ರೆಯಲ್ಲಿದ್ದಾಳೆ. ಈ ಕುಕ್ಕರ್ ಇದ್ದವರು ದಯಮಾಡಿ ಒಲೆಗಿಡಬೇಡಿ. ಕಂಪನಿಯವರೇ, ನನಗೆ ನಿಮ್ಮ ವಿಷಾದ ಬೇಡ. ಈ ವಾಲ್ವ್ ಸರಿಯಿಲ್ಲ ಅಂತ ನಾಲ್ಕು ಜನರ ಮುಂದೆ ಹೇಳಿ.”

ಆಮೇಲೆ ನಡೆದದ್ದಕ್ಕೆ ಕೇರಳದಲ್ಲಿ ಪೊಂಗಾಲೆ ಹಾಕುವುದು ಎನ್ನುತ್ತಾರೆ. ದೇವಿಯ ಮುಂದೆ ಮಡಕೆ ಸಾಲಿಟ್ಟು ಅನ್ನ ಉಕ್ಕಿಸಿದ ಹಾಗೆ, ಸಿಟ್ಟು ಬರಿಸಿದವರ ಪುಟಕ್ಕೆ ಹೋಗಿ ಸಾವಿರ ಜನ ಬೈಗುಳ ಉಕ್ಕಿಸುವುದು. “ಕುಕ್ಕರ್ ತಗೊಂಡ್ರೆ ಹೆಲ್ಮೆಟ್ ಫ್ರೀ ಉಂಟಾ?” “ವಿಷುವಿಗೆ ಪಟಾಕಿ ಬೇಡ, ಗೃಹತಾರ ಒಂದು ಸಾಕು.” “ಸಾರ್, ನಿಮ್ಮ ಒಂದು ಮುಚ್ಚಳ ನಮ್ಮ ತೆಂಗಿನ ಮರದಲ್ಲಿ ಸಿಕ್ಕಿಹಾಕ್ಕೊಂಡಿದೆ, ಬಂದು ತಗೊಂಡು ಹೋಗಿ.” ದುಬೈಯಿಂದ, ದೋಹಾದಿಂದ, ಲಂಡನ್ನಿನ ನರ್ಸುಗಳ ಹಾಸ್ಟೆಲಿನಿಂದ ಜನ ಮಡಕೆ ಹೊತ್ತು ಬಂದರು. ಕಂಪನಿ ಪಾಪ ಒಬ್ಬೊಬ್ಬರಿಗೂ ವಿಷಾದಿಸಿ ಬಿಲ್ ನಂಬರ್ ಕೇಳುತ್ತಾ ಹೋಯಿತು. ತೆಂಗಿನ ಮರದವನ ಹತ್ತಿರವೂ ಕೇಳಿತು.

ಒಂದು ವಾರ ಕಳೆದ ಮೇಲೆ ಕೊಚ್ಚಿಯಿಂದ ಫೋನ್ ಬಂತು. ಜೇನಿನಂಥ ದನಿ, ಮಾತಿಗೊಮ್ಮೆ ಅಕ್ಕಾ ಎಂಬ ಚೇಚೀ.

“ಚೇಚೀ, ನಾನು ಜೆರಿನ್, ಗೃಹತಾರದಿಂದ. ನಿಮ್ಮ ಪೋಸ್ಟ್ ಓದಿ ನಮ್ಮ ಆಫೀಸಲ್ಲಿ ಯಾರಿಗೂ ಊಟ ಸೇರಿಲ್ಲ. ನಾವೇ ಮನೆಗೆ ಬರ್ತೇವೆ ಚೇಚೀ. ಮುಖ ನೋಡಿ ಮಾತಾಡುವ.”

ಮನೆಗೆ ಬರುತ್ತೇವೆ ಎಂದರೆ ಕುಟ್ಟಿಚ್ಚಿರದವರ ಕೈಕಾಲು ಕಟ್ಟಿಹಾಕಿದ ಹಾಗೆ. ಅಲ್ಲಿ ಮನೆ ಹೆಂಗಸರದು. ಗಂಡಂದಿರೇ ಸಂಜೆ ಬಂದು ಬೆಳಿಗ್ಗೆ ಹೋಗುವ ಅತಿಥಿಗಳು, ಮದುವೆಯಾಗಿ ತಲೆ ಹಣ್ಣಾದರೂ ಅವರಿಗೆ ಮದುಮಗನ ಉಪಚಾರವೇ. ಬಂದವರಿಗೆ ಬಡಿಸುವುದರಲ್ಲಿ ಒಂದು ತಟ್ಟೆ ಕಡಿಮೆಯಾದರೆ ಮೂರು ತಲೆಮಾರು ಆಡಿಕೊಳ್ಳುತ್ತದೆ. ಸೌದಾಬಿಯ ಅಮ್ಮೋನ್, ಎಂದರೆ ಸೋದರಮಾವ, ಕೋಯಮೋನ್ ಈ ವಿಷಯದಲ್ಲಿ ಸುಪ್ರೀಂ ಕೋರ್ಟು. ಹಳೇ ಮರದ ವ್ಯಾಪಾರಿ, ಈಗ ವಯಸ್ಸಾಗಿ ದಿನವಿಡೀ ಈ ಮನೆಯ ಮುಂದಿನ ಪಡಸಾಲೆ ಕೋಲಾಯಿಯ ಜಗಲಿಯಲ್ಲಿ ಕೂತು ತೀರ್ಪು ಕೊಡುವವರು.

“ಬರುವವರು ಶತ್ರುವೇ ಆಗ್ಲಿ, ನಮ್ಮ ಮೆಟ್ಟಿಲು ಹತ್ತಿದ ಮೇಲೆ ಅತಿಥಿ. ಮೊದಲು ಊಟ. ಕೈ ತೊಳೆದು ಎದ್ದ ಮೇಲೆ ಜಗಳ,” ಎಂದರು.

ಆ ಹೊತ್ತಿಗೆ ಆಸ್ಪತ್ರೆಯಿಂದ ಬಂದಿದ್ದ ಶಹರ್ಬಾನ್ ಒಳಕೋಣೆಯಲ್ಲಿ ಮಲಗಿದ್ದಳು. ಆರೇಳು ವರ್ಷ ಚಿಕ್ಕವಳಾದರೂ ನಾಲಿಗೆಯಲ್ಲಿ ಅಕ್ಕನಿಗಿಂತ ದೊಡ್ಡವಳು. ತೋಳನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಡ್ರೆಸ್ಸಿಂಗ್ ಬದಲಿಸಲು ಬರುವ ನರ್ಸಿನ ಹೊರತು ಯಾರಾದರೂ ಬಂದರೆ ಶಾಲು ಹೊದೆಯುತ್ತಿದ್ದಳು. ಸಂಜೆ ಬರುವ ಗಂಡನಿಗೂ ಅಷ್ಟೆ, ಶಾಲಿನ ಮೇಲಿಂದಲೇ ದರ್ಶನ.

“ಅಲೀಸ ಮಾಡು ಇತ್ತಾತ್ತ,” ಒಳಗಿನಿಂದಲೇ ಅಕ್ಕನಿಗೆ ಕೂಗಿ ಹೇಳಿದಳು. “ಮಾಂಸ ಕಡಿಮೆ ಬಿದ್ರೆ ನನ್ನ ತೋಳಿದ್ದು ಸ್ವಲ್ಪ ಪಾತ್ರೆಯಲ್ಲಿ ಉಂಟಲ್ಲ, ಅದನ್ನೇ ಹಾಕು.”

“ಬಾಯಿ ಮುಚ್ಚು ಬಾನೂ. ಅಮ್ಮೋನ್ ಕೇಳಿಸ್ಕೊಳ್ತಾರೆ.”

“ಕೇಳ್ಲಿ ಅಂತಲೇ ಹೇಳಿದ್ದು.”

ಜೆರಿನ್ ಬಂದ. ಅಚ್ಚುಕಟ್ಟಾಗಿ ಗಡ್ಡ ಕತ್ತರಿಸಿದ, ಇಸ್ತ್ರಿ ಮುರಿಯದ ಹುಡುಗ. ಜೊತೆಗೆ ಒಬ್ಬ ಕ್ಯಾಮೆರಾದವನು, ಕೆಂಪು ರಿಬ್ಬನ್ ಕಟ್ಟಿದ ದೊಡ್ಡ ಪೆಟ್ಟಿಗೆ, ಹೂಗುಚ್ಛ. ಚಪ್ಪಲಿ ಬಿಟ್ಟು ಒಳಗೆ ಬಂದವನೇ ಪೆಟ್ಟಿಗೆಯನ್ನು ಸೌದಾಬಿಯ ಕೈಗೆ ದಾಟಿಸಿ ಕೋಯಮೋನ್ ಕಾಲಿಗೆ ಬಾಗಿದ. ಮುದುಕರು ಅಲ್ಲೇ ಕರಗಿದರು. ಕರಗಬೇಕಾದ ವಾಲ್ವ್ ಕರಗಲಿಲ್ಲ, ಕರಗಬಾರದ ಅಮ್ಮೋನ್ ಕರಗಿದರು ಎಂದು ಶಹರ್ಬಾನ್ ಆಮೇಲೆ ತಿಂಗಳುಗಟ್ಟಲೆ ಹಂಗಿಸಿದಳು.

ಸೌದಾಬಿ ಬಡಿಸಿದಳು. ಸಿಟ್ಟು ಹೊಟ್ಟೆಯಲ್ಲಿತ್ತು, ಆದರೆ ಕೈಗೆ ಬಡಿಸುವುದೊಂದೇ ಗೊತ್ತು. ತೆಳುವಾದ ಪತ್ತಿರಿ, ಕೋಳಿ ಸಾರು, ಬಿರಿಯಾನಿ, ಉನ್ನಕ್ಕಾಯ, ಮೊಟ್ಟೆಯ ಹಳದಿಯಿಂದ ಎಳೆಯೆಳೆಯಾಗಿ ಮಾಡಿದ ಮುಟ್ಟಮಾಲ. ಕ್ಯಾಮೆರಾದವನು ತಿನ್ನುವ ಮೊದಲು ಎಲ್ಲವನ್ನೂ ಚಿತ್ರ ತೆಗೆದ.

“ಇದೆಲ್ಲ ಎಂತಕ್ಕೆ?” ಸೌದಾಬಿ ಕೇಳಿದಳು.

“ಹೆಡ್ಡಾಫೀಸಿಗೆ ಚೇಚೀ. ನಾವು ನಿಜವಾಗ್ಲೂ ಬಂದಿದ್ವು ಅಂತ ಅವರಿಗೆ ತೋರಿಸ್ಬೇಕಲ್ಲ? ಇಲ್ದಿದ್ರೆ ಕೊಚ್ಚಿಯಲ್ಲೇ ಕೂತು ಬಿಲ್ ಹಾಕಿದ್ರು ಅಂತಾರೆ,” ಎಂದು ಜೆರಿನ್ ಕಣ್ಣು ಮಿಟುಕಿಸಿದ. ಆಮೇಲೆ ಬಿರಿಯಾನಿ ಬಾಯಿಗಿಟ್ಟು, “ಚೇಚೀ, ನನ್ನ ಮದುವೆ ಮುಂದಿನ ತಿಂಗಳು. ಹುಡುಗಿಗೆ ಈಗಲೇ ಹೇಳ್ತೇನೆ, ಮೊದಲು ಇಲ್ಲಿ ಬಂದು ಕಲ್ತುಕೊಂಡು ಬಾ, ಆಮೇಲೆ ತಾಳಿ,” ಎಂದ. ಸೌದಾಬಿಗೆ ನಗು ಬಂತು. ಎಷ್ಟೋ ದಿನಗಳ ಮೇಲೆ, ಬೇಡ ಬೇಡವೆಂದರೂ ಬಂದ ನಗು. ಕ್ಯಾಮೆರಾ ಅದನ್ನು ಬಿಡಲಿಲ್ಲ.

ಕೋಯಮೋನ್ ಕೂಡ ಜಗಲಿಯಿಂದ ಹೇಳಿದರು: “ಒಳ್ಳೆ ಮಕ್ಕಳು. ಮನೆ ಹುಡುಕ್ಕೊಂಡು ಬಂದ್ರಲ್ಲ, ನಮಗೆ ಭಾರೀ ಸಂತೋಷ.” ಅದೂ ಕ್ಯಾಮೆರಾದೊಳಗೆ ಹೋಯಿತು.

ಕೈ ತೊಳೆದ ಮೇಲೆ ಮಾತು. ಆಸ್ಪತ್ರೆಯ ಖರ್ಚೆಲ್ಲ ಕಂಪನಿಯದು, ಪೆಟ್ಟಿಗೆಯಲ್ಲಿರುವ ಹೊಸ ಕುಕ್ಕರ್ ಕಾಣಿಕೆ, ಹಾಳಾದ ಕುಕ್ಕರನ್ನು ಪರೀಕ್ಷೆಗೆ ಒಯ್ಯುತ್ತೇವೆ ಎಂದು ಜೆರಿನ್ ಹೇಳಿದ.

“ನನಗೆ ಹೊಸ ಕುಕ್ಕರ್ ಬೇಡ ಮಗಾ,” ಸೌದಾಬಿ ಸೊಟ್ಟ ಮುಚ್ಚಳವನ್ನು ಅವನ ಮುಂದಿಟ್ಟಳು. “ಈ ವಾಲ್ವ್ ನೋಡು. ಇದು ನಮ್ಮ ಓಣಿಯ ಎಲ್ಲರ ಮನೆಯಲ್ಲೂ ಉಂಟು. ನಾನು ತಗೊಂಡೆ ಅಂತ ಅವರೂ ತಗೊಂಡದ್ದು. ಇದು ಸರಿಯಿಲ್ಲ ಅಂತ ನೀವು ಬರೆದು ಹಾಕಿ. ಅಷ್ಟು ಸಾಕು ನನಗೆ.”

“ಹಾಕ್ತೇವೆ ಚೇಚೀ. ವರದಿ ಬರ್ಲಿ. ರಂಜಾನಿಗೆ ಮೊದಲೇ ಬರ್ತದೆ. ತಪ್ಪಿದ್ರೆ ಓಣಿಯದ್ದೆಲ್ಲ ಬದಲಾಯಿಸಿ ಕೊಡುವ ಜವಾಬ್ದಾರಿ ನಂದು.” ಎದೆ ಮುಟ್ಟಿಕೊಂಡ. “ಒಂದೇ ಒಂದು ಸಹಾಯ. ಆ ಪೋಸ್ಟ್ ಇದ್ರೆ ಮೇಲಿನವರಿಗೆ ಕೋಪ. ಫೈಲ್ ಮುಂದೆ ಹೋಗುದಿಲ್ಲ. ಅದೊಂದು ತೆಗೆದ್ರೆ...”

ಸೌದಾಬಿ ಫೋನನ್ನು ಮಗುಚಿಟ್ಟಳು. ಓಣಿಯ ಹೆಂಗಸರು ಕುಕ್ಕರನ್ನು ಅಟ್ಟಕ್ಕೆ ಹಾಕಿದ್ದು ಆ ಪೋಸ್ಟ್ ನೋಡಿಯೇ.

“ತೆಗಿ ಮೋಳೇ, ನನ್ನ ಮಗಳಲ್ವಾ,” ಕೋಯಮೋನ್ ಹೇಳಿದರು. “ಇಲ್ಲಿ ಕೂತು ಊಟ ಮಾಡಿದ ಮಕ್ಕಳನ್ನು ಊರ ಮುಂದೆ ಬೈಸಿಕೊಂಡಿರುದು ನಮ್ಮ ಮನೆಗೆ ಶೋಭೆಯಾ? ಮಾತು ಕೊಟ್ಟಿದ್ದಾನಲ್ಲ.”

ಬೇರೆ ಯಾವ ಊರಿನವರಾದರೂ ಮೊದಲು ವರದಿ ಇಡು ಎನ್ನುತ್ತಿದ್ದರು. ಸೌದಾಬಿಗೆ ಆ ಮಾತಿಗೆ ನಾಲಿಗೆ ಹೊರಳಲಿಲ್ಲ. ಸುಲೈಮಾನಿ ಚಹಾದ ಗ್ಲಾಸು ಹಿಡಿದು ಎದುರಿಗೆ ಕೂತವನ ಮುಖ ನೋಡಿಕೊಂಡು ಇಲ್ಲ ಎನ್ನುವುದನ್ನು ಆ ಮನೆಯಲ್ಲಿ ಯಾರೂ ಯಾರಿಗೂ ಕಲಿಸಿರಲಿಲ್ಲ. ಅವನ ಎದುರಿಗೇ ಫೋನ್ ತೆಗೆದು ಅಳಿಸಿದಳು. ಶಹರ್ಬಾನ್ ಜೊತೆ ಒಂದು ಫೋಟೋ ಬೇಕಿತ್ತು ಎಂದು ಜೆರಿನ್ ಹೂಗುಚ್ಛ ಹಿಡಿದು ಒಳಕೋಣೆಯ ಬಾಗಿಲಿಗೆ ಹೋದ.

“ನನ್ನ ಕೈ ಪ್ರದರ್ಶನಕ್ಕಿಟ್ಟದ್ದಲ್ಲ,” ಎಂಬ ಮಾತು ಬಂತು. “ಹೂವನ್ನು ಆ ಕುಕ್ಕರಿಗೇ ಇಡು. ಗೆದ್ದದ್ದು ಅದು.”

ಸೊಟ್ಟ ಮುಚ್ಚಳವನ್ನೂ ಪಾತ್ರೆಯನ್ನೂ ಹೊತ್ತುಕೊಂಡು ಅವರು ಕಾರು ಹತ್ತಿದರು. ದಾರಿಗೆಂದು ಸೌದಾಬಿ ಉನ್ನಕ್ಕಾಯ ಕಟ್ಟಿಕೊಟ್ಟಳು. ಕಟ್ಟಿಕೊಟ್ಟಳು, ಹೌದು! ಆ ಪೊಟ್ಟಣ ನೆನಪಾದಾಗಲೆಲ್ಲ ಅವಳಿಗೆ ಈಗಲೂ ಕೈ ಕಚ್ಚಿಕೊಳ್ಳುವಷ್ಟು ಸಿಟ್ಟು ಬರುತ್ತದೆ.

ವರದಿ ಬರಲಿಲ್ಲ. ವಿಡಿಯೋ ಬಂತು.

“ಗೃಹತಾರ ಎಂದರೆ ಕುಟುಂಬ” ಎಂದು ಅದಕ್ಕೆ ಹೆಸರು. ಕೊಳಲಿನ ಸಂಗೀತ. ಬಿರಿಯಾನಿಯ ಹಬೆ. ಸೌದಾಬಿ ನಗುತ್ತಿದ್ದಾಳೆ. ಕೆಂಪು ರಿಬ್ಬನ್ನಿನ ಪೆಟ್ಟಿಗೆ ಅವಳ ಕೈಯಲ್ಲಿದೆ. ಕೋಯಮೋನ್ “ನಮಗೆ ಭಾರೀ ಸಂತೋಷ” ಎನ್ನುತ್ತಾರೆ. “ಗ್ರಾಹಕರ ಒಂದು ಸಣ್ಣ ತೊಂದರೆಗೂ ನಾವು ಮನೆಬಾಗಿಲಿಗೆ” ಎಂಬ ಅಕ್ಷರಗಳು ತೇಲಿ ಬರುತ್ತವೆ. ಕೊನೆಯಲ್ಲಿ ಉಪಕಾರವೆಂಬಂತೆ “ಸೌದಾಬಿಯವರ ರುಚಿಗೆ ಕರೆಮಾಡಿ” ಎಂದು ಅವಳದೇ ಫೋನ್ ನಂಬರು. ತೋಳಿನ ಮಾತಿಲ್ಲ. ವಾಲ್ವಿನ ಮಾತಿಲ್ಲ. ಶಹರ್ಬಾನ್ ಎಂಬ ಹೆಂಗಸು ಭೂಮಿಯ ಮೇಲೆ ಹುಟ್ಟಿಯೇ ಇಲ್ಲ.

ಮಡಕೆ ಹೊತ್ತು ಬಂದಿದ್ದ ಜನವೇ ಈಗ ತಿರುಗಿ ಬಿದ್ದಿತು. “ಒಂದು ಕುಕ್ಕರಿಗೆ ಇಷ್ಟೆಲ್ಲ ನಾಟಕವಾ ಇತ್ತಾತ್ತ?” “ಬಿರಿಯಾನಿಯಲ್ಲಿ ಮುಗಿದ ಯುದ್ಧ.” “ನಾವು ದೋಹಾದಲ್ಲಿ ಊಟ ಬಿಟ್ಟು ಬೈದದ್ದು ಇವಳಿಗೆ ಹೊಸ ಪಾತ್ರೆ ಸಿಗ್ಲಿ ಅಂತ.” ಇದನ್ನೆಲ್ಲ ಓದಿ ಸೌದಾಬಿಗೆ ಕಣ್ಣು ತುಂಬಿತು. ಆದರೂ ಬೈಗುಳ ತಡೆದುಕೊಳ್ಳಬಹುದು. ತಡೆದುಕೊಳ್ಳಲಾಗದ್ದು ಮರುದಿನ ಬೆಳಿಗ್ಗೆ ಗೋಡೆಯಾಚೆಯಿಂದ ಬಂತು.

ಕೂಗು. ಗೃಹತಾರದ ಕೂಗು. ಸೌದಾಬಿ ಆ ರಾಗವನ್ನು ನಿದ್ದೆಯಲ್ಲೂ ಗುರುತಿಸುತ್ತಿದ್ದಳು. ತಲೆಗೆ ಶಾಲು ಹಾಕಿಕೊಳ್ಳುವಷ್ಟೂ ನಿಲ್ಲದೆ ಪಕ್ಕದ ಇಂಬಿಚ್ಚಿಬಿಯ ಅಡುಗೆಮನೆಗೆ ನುಗ್ಗಿ ಒಲೆಯ ಗುಬ್ಬಿ ತಿರುಗಿಸಿ ಆರಿಸಿದಳು.

“ಎಂತ ಮಾರಾಯ್ತಿ ಇದು!” ಇಂಬಿಚ್ಚಿಬಿ ಈರುಳ್ಳಿಯ ಚೂರಿ ಹಿಡಿದೇ ಎದ್ದಳು. “ಕಡಲೆ ಅರ್ಧ ಬೆಂದದ್ದು!”

“ನಿನಗೆ ಬುದ್ಧಿ ಉಂಟಾ? ಬಾನುವಿನ ತೋಳು ನೋಡಿದ ಮೇಲೂ ಇದನ್ನು ಅಟ್ಟದಿಂದ ಇಳಿಸಿದ್ಯಾ?”

“ನಾನೆಲ್ಲಿ ನೋಡಿದೆ? ಅವಳು ಯಾರಿಗೆ ತೋರಿಸಿದ್ದಾಳೆ? ನಾನು ನೋಡಿದ್ದು ನಿನ್ನ ನಗು.” ಇಂಬಿಚ್ಚಿಬಿ ಚೂರಿಯ ತುದಿಯಿಂದ ಫೋನ್ ತೋರಿಸಿದಳು. “ಅಷ್ಟು ಅಗಲ ಬಾಯಿ ತೆರೆದು ನಗ್ತಾ ಇದ್ದೀ. ಹೊಸ ಕುಕ್ಕರನ್ನು ಮಗುವಿನ ಹಾಗೆ ಎತ್ತಿಕೊಂಡಿದ್ದೀ. ಎಲ್ಲ ಸರಿಯಾಗದಿದ್ರೆ ನೀನು ಹಾಗೆ ನಗ್ತಿದ್ಯಾ? ಓಣಿಯಲ್ಲಿ ಎಲ್ಲರೂ ಇಳಿಸಿದ್ದಾರೆ, ಹೋಗಿ ನೋಡು.”

ಸೌದಾಬಿ ಹೋದಳು. ಮನೆ ಮನೆಗೆ ಹೋಗಿ, ಕೈಮುಗಿದು, ಜಗಳವಾಡಿ, ಒಂದೆರಡು ಕಡೆ ಸೀಟಿಯನ್ನೇ ಕಿತ್ತು ಸೆರಗಿಗೆ ಕಟ್ಟಿಕೊಂಡು ಬಂದಳು. ಓಣಿ ಮತ್ತೆ ಸುಮ್ಮನಾಯಿತು. ಆದರೆ ವಿಡಿಯೋ ಓಣಿಗೆ ನಿಲ್ಲುತ್ತದೆಯೇ? ಅದು ಮಲಪ್ಪುರಂ ನೋಡಿತ್ತು, ಕಣ್ಣೂರು ನೋಡಿತ್ತು, ಕಾಸರಗೋಡು ನೋಡಿತ್ತು. ಅಷ್ಟು ಅಡುಗೆಮನೆಗಳಿಗೆ ಓಡಲು ಅವಳಿಗೆ ಕಾಲೆಲ್ಲಿದೆ?

ಮನೆಗೆ ಬಂದವಳೇ ಜೆರಿನ್‌ಗೆ ಫೋನ್ ಮಾಡಿದಳು. ಹಲವು ಸಲ ಬಾರಿಸಿದ ಮೇಲೆ ಎತ್ತಿದ.

“ಚೇಚೀ! ವಿಡಿಯೋ ನೋಡಿದ್ರಾ? ಲಕ್ಷಗಟ್ಟಲೆ ಜನ! ಆರ್ಡರ್ ಬರ್ತಾ ಇರ್ಬೇಕಲ್ಲ?”

“ವರದಿ ಎಲ್ಲಿ?”

“ಯಾವ ವರದಿ ಚೇಚೀ?”

“ವಾಲ್ವಿದ್ದು! ನನ್ನ ಕೈಯಿಂದ ಒಯ್ದದ್ದು!”

“ಓ, ಅದಾ. ಅದು ಒಳಗಿನ ವಿಷಯ ಚೇಚೀ, ಹೊರಗೆ ಕೊಡ್ಲಿಕ್ಕಾಗುದಿಲ್ಲ. ಪೀಸ್ ಕೂಡ ಗುಜರಿಗೆ ಹೋಗಿರ್ಬೇಕು. ನಮ್ಮಲ್ಲಿ ನಿಮ್ಮ ದೂರು ಬಗೆಹರಿದಿದೆ ಅಂತಲೇ ಉಂಟು. ಪೋಸ್ಟ್ ಹೋಯ್ತು, ಗ್ರಾಹಕರು ನಕ್ಕಿದ್ದಾರೆ, ಕೇಸ್ ಕ್ಲೋಸ್.”

“ನಿನಗೆ ಬಡಿಸಿದ ಕೈ ಇದು, ಜೆರಿನ್.”

“ಊಟ ನಿಜವಾಗ್ಲೂ ಚೆನ್ನಾಗಿತ್ತು ಚೇಚೀ,” ಎಂದ. ಆಮೇಲೆ ಆ ನಂಬರು ಅವಳ ಕರೆ ಎತ್ತಲೇ ಇಲ್ಲ.

ದೂರು ಬಗೆಹರಿಯುವುದು ಎಂದರೆ ಇದು! ದೂರು ಕೊಟ್ಟವರ ಬಾಯಿ ಮುಚ್ಚುವುದು, ಮುಚ್ಚಿದ ಬಾಯಿಯ ಮೇಲೆ ಒಂದು ನಗು ಬರೆಯುವುದು. ವಾಲ್ವನ್ನು ಸರಿಮಾಡಲು ಕಾರ್ಖಾನೆ ಬೇಕು, ಖರ್ಚು ಬೇಕು, ಮಾನ ಬೇಕು. ನಗುವಿಗೆ ಒಂದು ಕ್ಯಾಮೆರಾ ಸಾಕು. ಸೌದಾಬಿ ಅಂದು ಪಾತ್ರೆ ತೊಳೆಯುತ್ತಾ ತೊಳೆಯುತ್ತಾ ಜೋರಾಗಿಯೇ ಶಪಿಸಿದಳು. ಶಹರ್ಬಾನ್ ಮೊದಲ ಬಾರಿಗೆ ಹಂಗಿಸದೆ ಸುಮ್ಮನೆ ಕೇಳಿಸಿಕೊಂಡಳು.

“ಆ ವಿಡಿಯೋದ ಕೆಳಗೇ ಬರಿ ಇತ್ತಾತ್ತ,” ಕೊನೆಗೆ ಹೇಳಿದಳು. “ಅವರದ್ದೇ ಅಂಗಳದಲ್ಲಿ.”

ಸೌದಾಬಿ ಬರೆದಳು. “ಈ ವಿಡಿಯೋದಲ್ಲಿರುವ ಸೌದಾಬಿ ನಾನೇ. ನಕ್ಕದ್ದು ಆ ಹುಡುಗನ ತಮಾಷೆಗೆ, ಕುಕ್ಕರಿಗೆ ಅಲ್ಲ. ವಾಲ್ವ್ ಕರಗುವುದಿಲ್ಲ. ಒಲೆಗೆ ಇಡಬೇಡಿ. ನನ್ನ ತಂಗಿಯ ತೋಳಿನಾಣೆ.” ಒಂದು ಗಳಿಗೆಯಲ್ಲೇ ಮೆಚ್ಚುಗೆಗಳು ಬಿದ್ದವು. ಚಿಕ್ಕಮ್ಮನ ಮಕ್ಕಳು, ಮಸ್ಕತ್ತಿನ ಅತ್ತೆ, ಮದ್ರಸಾದ ಗೆಳತಿಯರು. “ಸರಿಯಾಗಿ ಹೇಳಿದೆ!” “ಬಿಡಬೇಡ!” ಎಂದರು. ಸೌದಾಬಿಗೆ ಎದೆಯ ಕಲ್ಲು ಇಳಿದ ಹಾಗಾಯಿತು. ವಿಡಿಯೋ ನೋಡುವವರೆಲ್ಲ ಕೆಳಗೆ ಇದನ್ನೂ ಓದುತ್ತಾರೆ, ಇನ್ನು ಹೆದರಿಕೆಯಿಲ್ಲ ಎಂದುಕೊಂಡಳು. ದಿನಕ್ಕೆ ನಾಲ್ಕು ಸಲ ತೆರೆದು ನೋಡುತ್ತಿದ್ದಳು. ಅದು ಅಲ್ಲೇ ಇತ್ತು.

ರಂಜಾನ್ ಬಂತು. ಆರ್ಡರುಗಳು ಹಿಂದೆಂದೂ ಇಲ್ಲದಷ್ಟು ಬಂದವು, ವಿಡಿಯೋದ ದೆಸೆಯಿಂದ. ಆ ಆರ್ಡರುಗಳ ಹಿಟ್ಟು ನಾದುವಾಗ ಸೌದಾಬಿಗೆ ಕೈ ಮೈಲಿಗೆಯಾದಂತೆ ಅನಿಸುತ್ತಿತ್ತು. ಅಲೀಸವನ್ನು ಈಗ ದೊಡ್ಡ ತಾಮ್ರದ ಹಂಡೆಯಲ್ಲಿ ಸೌದೆ ಒಲೆಯ ಮೇಲೆ, ಹಳೆಯ ಕಾಲದಂತೆ ಬೆಳಗಿನಿಂದ ಬೇಯಿಸುತ್ತಿದ್ದಳು. ಶಹರ್ಬಾನ್ ಇನ್ನೊಂದು ಕೈಯಿಂದ ಏಲಕ್ಕಿ ಬಿಡಿಸಿಕೊಡುತ್ತಿದ್ದಳು.

ಉಪವಾಸ ಶುರುವಾಗಿ ನಾಲ್ಕೈದು ದಿನವಾಗಿರಬೇಕು, ಸಂಜೆಮುಂದಿನ ಅಸರ್ ನಮಾಜ್ ಮುಗಿದಿತ್ತು. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಎಳೆಯ ದನಿ, ಉಸಿರಿಗೆ ಉಸಿರು ಸೇರಿಸಿ ಮಾತಾಡುವಂಥದ್ದು.

“ಇತ್ತಾತ್ತ, ನಾನು ಮಂಜೇರಿಯಿಂದ ರಂಸೀನ. ವಿಡಿಯೋದಲ್ಲಿ ನಿಮ್ಮನ್ನು ನೋಡಿದ್ದು. ಇವತ್ತು ಗಂಡನ ಮನೆಯವರೆಲ್ಲ ಉಪವಾಸ ಬಿಡ್ಲಿಕ್ಕೆ ಬರ್ತಾರೆ. ಮದುವೆ ಆದ್ಮೇಲೆ ಮೊದಲ ರಂಜಾನ್. ಮರ್ಯಾದೆ ಪ್ರಶ್ನೆ! ಅಲೀಸ ಇಟ್ಟಿದ್ದೇನೆ. ಎಷ್ಟು ಕೂಗು ಕೂಗಿಸ್ಬೇಕು?”

“ಎಂತದರಲ್ಲಿ ಇಟ್ಟಿದ್ದೀ ಮೋಳೇ?” ಸೌದಾಬಿ ಸೌಟು ಕೆಳಗಿಟ್ಟಳು.

“ನಿಮ್ಮದೇ! ಗೃಹತಾರ! ವಿಡಿಯೋ ನೋಡಿಯೇ ತರಿಸಿದ್ದು. ಆದ್ರೆ ಇದು ಒಂದೇ ಸಲ ಕೂಗಿ ಸುಮ್ಮನಾಗಿದೆ. ಆವಾಗಿಂದ ಬರೀ ಬುಸ್ ಬುಸ್ ಅಂತದೆ. ಹಾಗೇ ಇರುದಾ?”

“ಒಲೆ ಆರಿಸು.”

“ಆಂ?”

“ಆರಿಸು ಮೊದಲು! ಅದು ಸಿಡಿತದೆ! ನಾನು ವಿಡಿಯೋದ ಕೆಳಗೆ ಬರೆದದ್ದು ಓದಿಲ್ವಾ ನೀನು?”

“ಕೆಳಗೆ ಎಂತ ಉಂಟು? ನಾನು ಎಲ್ಲ ಓದಿದ್ದೇನೆ. ನಿಮ್ಮ ಹೆಸರಿಂದ್ದು ಒಂದೂ ಇಲ್ಲ. ಬರೀ ಸೂಪರ್, ಸೂಪರ್ ಅಂತ ಉಂಟು.”

ಸೌದಾಬಿಗೆ ಈಗ ಅರ್ಥವಾಯಿತು, ಅವಳು ಬರೆದದ್ದನ್ನು ಕಂಪನಿಯವರು ಮುಚ್ಚಿಟ್ಟಿದ್ದಾರೆ. ಬರೆದವಳಿಗೆ ಕಾಣುತ್ತದೆ, ಅವಳ ನೆಂಟರಿಗೆ ಕಾಣುತ್ತದೆ, ಮೆಚ್ಚಿಕೊಂಡು ಸಮಾಧಾನಪಟ್ಟುಕೊಳ್ಳುತ್ತಾರೆ. ಲೋಕಕ್ಕೆ ಕಾಣುವುದಿಲ್ಲ. ಇಷ್ಟು ದಿನ ಅವಳು ಕೂಗಿದ್ದೆಲ್ಲ ತನ್ನ ಮನೆಯವರಿಗೇ. ಎಂಥ ಬುದ್ಧಿವಂತರು! ಎಂಥ ನೀಚರು!

“ರಂಸೀನಾ, ನನ್ನ ಮಾತು ಕೇಳು...”

“ಒಂದು ನಿಮಿಷ.” ಆ ದನಿ ಈಗ ಬಿಗಿಯಾಯಿತು. “ಅವರು ಕೊಟ್ಟ ಕುಕ್ಕರ್ ಹಿಡ್ಕೊಂಡು ನಕ್ಕದ್ದು ನೀವೇ. ಈಗ ಸಿಡಿತದೆ ಅಂತ ಹೇಳುದೂ ನೀವೇ. ಅವರ ಹತ್ರ ಇನ್ನೂ ಎಂತಾದ್ರೂ ಬೇಕಿತ್ತಾ ಇತ್ತಾತ್ತ? ಜನ ಬರೆದದ್ದು ಸುಳ್ಳಲ್ಲ ಹಾಗಾದ್ರೆ. ನನ್ನ ಅಲೀಸ ಹಾಳು ಮಾಡ್ಬೇಡಿ, ಹೊತ್ತಾಗ್ತದೆ.”

ಏನೆಂದು ಹೇಳುವುದು? ಇವಳ ಜಾಗದಲ್ಲಿದ್ದರೆ ತಾನೂ ನಂಬುತ್ತಿರಲಿಲ್ಲ. ಅವಳ ಕೈಯಿಂದ ಯಾರೋ ಫೋನ್ ಕಿತ್ತುಕೊಂಡರು. ಶಹರ್ಬಾನ್.

“ಏ ಹುಡುಗೀ, ಕಟ್ ಮಾಡ್ಬೇಡ. ವಿಡಿಯೋ ಹಾಕು. ನಾನೂ ಹಾಕ್ತೇನೆ. ಒಂದು ಸಲ ನೋಡು, ಆಮೇಲೆ ನಿನ್ನಿಷ್ಟ.”

ಪರದೆಯ ಮೇಲೆ ಒಂದು ದುಂಡು ಮುಖ ಮೂಡಿತು. ಹಣೆಯ ಮೇಲೆ ಹಿಟ್ಟು, ಹುಬ್ಬು ಗಂಟಿಕ್ಕಿದೆ. ಅದರ ಬೆನ್ನಿಗೇ ಒಲೆ, ಒಲೆಯ ಮೇಲೆ ಕುಕ್ಕರ್. ಬುಸುಗುಟ್ಟುವುದು ಇಲ್ಲಿಗೂ ಕೇಳುತ್ತಿತ್ತು.

ಶಹರ್ಬಾನ್ ಫೋನನ್ನು ಅಕ್ಕನ ಕೈಗೆ ಹಿಡಿಸಿದಳು. ಶಾಲು ತೆಗೆದು ನೆಲಕ್ಕೆ ಹಾಕಿದಳು. ಹಲ್ಲಿನಿಂದ ಗಂಟು ಬಿಚ್ಚಿ ಬಟ್ಟೆಯ ಸುತ್ತುಗಳನ್ನು ಒಂದೊಂದಾಗಿ ಬಿಡಿಸಿದಳು. ಕೊನೆಯ ಸುತ್ತು ಅಂಟಿಕೊಂಡಿತ್ತು, ಅದನ್ನು ಎಳೆಯುವಾಗ ಅವಳ ಕಣ್ಣಲ್ಲಿ ನೀರು ಬಂತು, ಬಾಯಿಂದ ಸದ್ದು ಬರಲಿಲ್ಲ. ಗಂಡನಿಗೂ ತೋರಿಸದ ತೋಳನ್ನು, ಎಲ್ಲಿ ಕೆಂಪು ಎಲ್ಲಿ ಬಿಳುಪು ಎಲ್ಲಿ ಚರ್ಮವೇ ಇಲ್ಲ ಎಂದು ಕಾಣುವ ಹಾಗೆ, ಮಂಜೇರಿಯ ಆ ಹುಡುಗಿಯ ಮುಖದೆದುರಿಗೆ ಚಾಚಿದಳು.

“ನೋಡು. ನಿನ್ನ ಒಲೆ ಮೇಲಿರುದರ ಅಕ್ಕ ಮಾಡಿದ ಕೆಲಸ ಇದು. ನನ್ನನ್ನು ಆ ವಿಡಿಯೋದಲ್ಲಿ ಯಾಕೆ ತೋರಿಸಿಲ್ಲ ಅಂತ ಈಗ ಗೊತ್ತಾಯ್ತಾ? ನನ್ನದೂ ಒಂದೇ ಸಲ ಕೂಗಿ ಸುಮ್ಮನಾದದ್ದು.”

ದುಂಡು ಮುಖ ಪರದೆಯಿಂದ ಮಾಯವಾಯಿತು. ಸೂರು ಕಂಡಿತು, ಫ್ಯಾನು ಕಂಡಿತು, ಏನೋ ಉರುಳಿದ ಸದ್ದು. ಟಕ್ ಎಂದು ಗುಬ್ಬಿ ತಿರುಗಿತು.

“ಆರಿಸಿದೆ,” ಅಳು ಕೇಳಿತು. “ಆರಿಸಿದೆ ಇತ್ತಾತ್ತ.”

“ಮುಚ್ಚಳ ಮುಟ್ಬೇಡ. ಹೊರಗೆ ಹೋಗಿ ಬಾಗಿಲು ಹಾಕು. ತಣ್ಣಗಾಗುವ ತನಕ ಯಾರನ್ನೂ ಒಳಗೆ ಬಿಡ್ಬೇಡ, ಅತ್ತೆ ಬಂದ್ರೂ,” ಸೌದಾಬಿ ಹೇಳಿದಳು. “ಬಂದವರಿಗೆ ಖರ್ಜೂರ, ನೀರು ಕೊಡು. ಇವತ್ತಿಗೆ ಅಷ್ಟು ಸಾಕು. ಮರ್ಯಾದೆ ಎಲ್ಲಿಗೂ ಹೋಗುದಿಲ್ಲ.”

ಬಾಗಿಲು ಹಾಕಿದ ಸದ್ದು ಕೇಳುವವರೆಗೆ ಅವಳು ಫೋನ್ ಇಡಲಿಲ್ಲ. ಆಮೇಲೆ ನೆಲದ ಮೇಲೆ ಬಿದ್ದಿದ್ದ ಬಟ್ಟೆ ಎತ್ತಿಕೊಂಡು, ಹೊಸ ಡ್ರೆಸ್ಸಿಂಗ್ ತರುತ್ತೇನೆ ಕೂತುಕೋ ಎಂದು ತಂಗಿಯ ಭುಜ ಹಿಡಿದಳು. ಅಷ್ಟರಲ್ಲಿ ಫೋನ್ ಮತ್ತೆ ಬಾರಿಸಿತು. ಇದೂ ಗೊತ್ತಿಲ್ಲದ ನಂಬರು.

ಶಹರ್ಬಾನ್ ಬೆಂದ ತೋಳನ್ನು ಮಡಿಲ ಮೇಲೆ ಇಟ್ಟುಕೊಂಡು ಬಾಗಿಲ ಬೆಳಕಿಗೆ ಸರಿದು ಕೂತಳು.

“ಕಟ್ಟುದು ಆಮೇಲೆ ಇತ್ತಾತ್ತ. ಯಾರಂತ ನೋಡು. ಒಲೆ ಮೇಲೆ ಎಂತ ಇಟ್ಟಿದ್ದಾರೆ ಕೇಳು.”

ಸೌದಾಬಿ ಫೋನ್ ಎತ್ತಿದಳು.